ಬಾಲದಲ್ಲಿ ಬಂದ ಹಾಡು

“ನಿನ್ನದೇ ಹಾಡು, ನಿನ್ನದೇ ಮುಖ ಇರುವ ಕ್ಯಾಸೆಟ್ಟು ಮಾಡಿಸಿ ಅಂಗಡಿಯಲ್ಲಿಟ್ಟು ಮಾರ್ತೇನೆ ಪೊರ್ಬು. ಇದು ಹಸೈನಾರನ ಮಾತು.”

ಹೀಗೆ ಮಾತು ಕೊಡುವಾಗ ಹಸೈನಾರನ ಮೈಯಲ್ಲಿ ಅಂಗೈ ಅಂಗಾಲು ಬಿಟ್ಟರೆ ಉಳಿದಲ್ಲೆಲ್ಲ ಚಿಕನ್ ಪಾಕ್ಸಿನ ಗುಳ್ಳೆಗಳಿದ್ದವು. ಅದು 1984. ಗಲ್ಫಿನ ದೋಹಾ ನಗರದಲ್ಲಿ, ದೋಹಾ ಅಲ್ ಜದೀದಾ ಎಂಬ ಬಡಾವಣೆಯ ಹಳೆಯ ಮನೆಯೊಂದರ ಹಿಂದಿನ ಕೋಣೆಯಲ್ಲಿ ಆರು ಜನ ಊರವರು ಸೇರಿಕೊಂಡಿದ್ದರು. ಗುಳ್ಳೆ ಕಂಡ ದಿನವೇ ನಾಲ್ವರು ಹಾಸಿಗೆ ಸುತ್ತಿಕೊಂಡು ಪರಿಚಯದವರ ಕೋಣೆಗಳಿಗೆ ಹೊರಟುಹೋದರು. ಉಳಿದವನು ಬೆಳ್ಮಣ್ಣಿನ ಥಿಯೋಡೋರ್ ಒಬ್ಬನೇ, ಊರ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಹಸೈನಾರ್ ಪೊರ್ಬು ಎಂದು ಕರೆಯುತ್ತಿದ್ದವನು. ಏಸಿ ರಿಪೇರಿಯ ಕಂಪೆನಿಯಲ್ಲಿ ದುಡಿದು ಬಂದವನು ಗಂಜಿ ಬೇಯಿಸಿ ಕೊಟ್ಟು, ಹಸೈನಾರ್ ಮೈ ತುರಿಸಿಕೊಳ್ಳದಿರಲಿ ಎಂದು ಗಿಟಾರ್ ಹಿಡಿದು ಎದುರಿಗೆ ಕೂರುತ್ತಿದ್ದ. ಅವನು ಹಾಡುತ್ತಿದ್ದದ್ದು ಅಮೆರಿಕದ ಹಳ್ಳಿಯವರ ಹಾಡುಗಳನ್ನು. ಅವುಗಳಲ್ಲಿ ಲಾರಿ ಓಡಿಸುವವರು, ರೈಲು ಹತ್ತಿ ಹೋದವರು, ಹೆಂಡತಿ ಬಿಟ್ಟುಹೋದ ಮೇಲೆ ಕುಡಿದು ಕೂತವರು ಇದ್ದರು. ಹಸೈನಾರನ ಕೈ ಹೊಟ್ಟೆಯ ಕಡೆ ಹೋಯಿತೋ, ಹಾಡಿನ ನಡುವೆಯೇ ಗಿಟಾರಿನ ಬೆನ್ನಿಗೆ ಪಟಾರನೆ ಒಂದು ಬಡಿತ.

ಹನ್ನೊಂದನೆಯ ದಿನ ಅದೇ ಧಾಟಿಯಲ್ಲಿ ಒಂದು ಕೊಂಕಣಿ ಹಾಡು ಬಂತು. ಯಾರದ್ದು ಎಂದು ಹಸೈನಾರ್ ಕೇಳಿದರೆ ಥಿಯೋಡೋರ್ ಗೋಡೆ ನೋಡಿದ.

“ನಂದೇ. ಹಳ್ಳಿ ಅಂದ್ರೆ ಅಮೆರಿಕದಲ್ಲಿ ಮಾತ್ರ ಇರುದಾ? ನಮ್ಮ ಬೆಳ್ಮಣ್ಣಿನಲ್ಲಿ ಇಲ್ವಾ?”

ಆಗ ಹಸೈನಾರ್ ಕೊಟ್ಟದ್ದು ಆ ಮಾತು. ಥಿಯೋಡೋರ್ ನಕ್ಕುಬಿಟ್ಟಿದ್ದ. “ಮೊದ್ಲು ಮೈಗೆ ನೀರು ಹಾಕು ಬ್ಯಾರಿ, ಮಾರಾಟ ಮತ್ತೆ.”

ಹನ್ನೆರಡು ವರ್ಷ ಹೋಯಿತು. ಇಬ್ಬರಿಗೂ ಮದುವೆಯಾಗಿ ಮಕ್ಕಳಾದವು. ಥಿಯೋಡೋರ್ ಹೆಂಡತಿ ಪರ್ಪೆಚುವಾಳನ್ನೂ ಮಗಳನ್ನೂ ಕರೆಸಿಕೊಂಡು ಅದೇ ದೋಹಾ ಅಲ್ ಜದೀದಾದಲ್ಲಿ ಎರಡು ಕೋಣೆಯ ಮನೆ ಹಿಡಿದ. ಹಸೈನಾರ್ ಹೆಂಡತಿ ರೈಹಾನಾಳನ್ನು ಫರಂಗಿಪೇಟೆಯಲ್ಲಿ ಬಿಟ್ಟು ದೋಹಾದ ಪೇಟೆ ಮುಶೈರಿಬಿನಲ್ಲಿ ಪೊಡಿಯಬ್ಬ ಹಾಜಿಯವರ ಕ್ಯಾಸೆಟ್ ಅಂಗಡಿ ಸೇರಿದ. ಅಂಗಡಿಯ ಹಿಂಭಾಗದಲ್ಲಿ ಗಾಜಿನ ಒಂದು ಗೂಡು. ಅದರೊಳಗೆ ಆರು ಟೇಪ್‌ಡೆಕ್ಕು, ಒಂದು ಸ್ಟೂಲು. ಗಿರಾಕಿಗಳು ಬೇಕಾದ ಆಲ್ಬಮ್ಮುಗಳ ಪಟ್ಟಿ ಕೊಟ್ಟು ಹೋದರೆ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಡುವುದು ಅವನ ಕೆಲಸ. ಹಿಂದಿ, ಅರಬಿ, ಮಲಯಾಳಂ ಕೆಲಸಗಳಿಗೆ ಬೇರೆಯವರಿದ್ದರು. ಇಂಗ್ಲಿಷ್ ಕಂಟ್ರಿ ಮಾತ್ರ ಹಸೈನಾರನದು. ಥಿಯೋಡೋರನ ದಯೆಯಿಂದ ಅದರ ರುಚಿ ಅವನಿಗೆ ಗುಳ್ಳೆಗಳ ಜೊತೆಗೇ ಹತ್ತಿತ್ತು.

ಇಂಗ್ಲಿಷ್ ಹೆಸರುಗಳು ಅವನ ನಾಲಗೆಗೆ ಒಗ್ಗುತ್ತಿರಲಿಲ್ಲ. ಕವರುಗಳಲ್ಲಿ ಎಲ್ಲರಿಗೂ ಒಂದೇ ತರದ ಟೊಪ್ಪಿ, ಒಂದೇ ತರದ ಜೀನ್ಸು, ಸಾಸರಿನಷ್ಟು ಅಗಲದ ಬೆಲ್ಟಿನ ಬಕಲು. ಹಾಗಾಗಿ ಅವನದ್ದೇ ಹೆಸರುಗಳಿದ್ದವು: ದೊಡ್ಡ ಟೊಪ್ಪಿಯವ, ಬೇಲಿಗೆ ಒರಗಿದವ, ಗಡ್ಡದಜ್ಜ, ಅಳುವ ಅಕ್ಕ, ಅಳಿಸುವ ಅಕ್ಕ. ಹೊಸ ಆಲ್ಬಮ್ ಬಂದಾಗ ಒಂದು ಸಲ ಪೂರಾ ಕೇಳಿ ಅದರ ಲೆಕ್ಕಾಚಾರ ಹೇಳುತ್ತಿದ್ದ. “ಹತ್ತು ಹಾಡಿನಲ್ಲಿ ಎರಡು ಲಾರಿ, ಎರಡು ಅಮ್ಮ, ಮೂರು ಕುಡಿತ, ಒಂದು ದೇವರು, ಎರಡು ಬಿಟ್ಟುಹೋದವಳು. ದೊಡ್ಡ ಟೊಪ್ಪಿಯವ ಈ ಸಲ ದೇವರನ್ನು ಕೊನೆಗೆ ಇಟ್ಟಿದ್ದಾನೆ, ವಯಸ್ಸಾಯ್ತು ಕಾಣ್ತದೆ.” ಉತ್ತರದ ಗ್ಯಾಸ್ ಪ್ರಾಜೆಕ್ಟಿನ ಅಮೆರಿಕನ್ನರು, ಫಿಲಿಪ್ಪೀನಿನ ನರ್ಸುಗಳು, ಗೋವಾ ಮಂಗಳೂರಿನ ಕ್ರಿಶ್ಚಿಯನ್ನರು, ಎಲ್ಲರೂ ಈ ಗಾಜಿನ ಗೂಡಿಗೇ ಬರುತ್ತಿದ್ದರು.

ಅವರು ಬರುತ್ತಿದ್ದದ್ದು ಬಾಲಕ್ಕಾಗಿ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದೊಂದು ಬದಿಯಲ್ಲಿ ನಲವತ್ತೈದು. ಟೊಪ್ಪಿಯವರ ಆಲ್ಬಮ್ಮು ಮೂವತ್ತೈದು ಮೂವತ್ತಾರಕ್ಕೆ ಮುಗಿಯುತ್ತದೆ. ಉಳಿದ ಟೇಪನ್ನು ಖಾಲಿ ಬಿಟ್ಟರೆ ಗಿರಾಕಿ ತನಗೆ ಮೋಸವಾಯಿತೆಂದು ವಾಪಸು ತರುತ್ತಾನೆ. ಆ ಉಳಿಕೆಗೆ ಅಂಗಡಿಯಲ್ಲಿ ಬಾಲ ಎಂದು ಹೆಸರು. ಬೇರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ತುರುಕುತ್ತಿದ್ದರು. ಹಸೈನಾರ್ ಹಾಗೆ ಮಾಡುವವನಲ್ಲ. ಅತ್ತು ಮುಗಿದ ಆಲ್ಬಮ್ಮಿನ ಹಿಂದೆ ಕುದುರೆ ಓಟದ ಪಿಟೀಲು ಹಾಕಬಾರದು, ಜಗಳದ ಹಾಡಿನ ಹಿಂದೆ ತೊಟ್ಟಿಲ ಹಾಡು ಬರಬಾರದು. ಯಾವ ಆಲ್ಬಮ್ಮಿಗೆ ಯಾವ ಬಾಲ ಹೊಂದುತ್ತದೆ ಎಂದು ಯೋಚಿಸುತ್ತ ಅವನು ಊಟ ಮರೆತದ್ದೂ ಇದೆ.

ಆ ಆಗಸ್ಟಿನ ಮೊದಲ ವಾರ ಪೊಡಿಯಬ್ಬ ಹಾಜಿಯವರು ಗಾಜು ತಟ್ಟಿ ಒಳಗೆ ಬಂದರು.

“ಹಸೈನಾರ್, ಇಳಿಸಿಕೊಡುವ ಕೆಲಸ ಈ ತಿಂಗಳಿಗೆ ಖಲಾಸ್. ಇನ್ನು ಒರಿಜಿನಲ್ ಮಾತ್ರ ಅಂತ ಲೈಸೆನ್ಸಿನ ಧಣಿ ಅರಬಾಬ್ ಹೇಳಿಯಾಯ್ತು. ಡೆಕ್ಕುಗಳನ್ನು ಮೂವತ್ತೊಂದಕ್ಕೆ ತೆಗೊಂಡು ಹೋಗ್ತಾರೆ.”

“ಮತ್ತೆ ನಾನು?”

“ನೀನು ಕೌಂಟರಿಗೆ ಬಾ. ಅಲ್ಲಿ ಗಾಳಿಯಾದ್ರೂ ಬರ್ತದೆ.”

ಕೆಲಸ ಹೋಗಲಿಲ್ಲ ಎಂದು ಸಮಾಧಾನವಾಯಿತು. ಆದರೆ ಹನ್ನೆರಡು ವರ್ಷ ಹಿಂದಿನ ಮಾತು ನೆನಪಾಗಿ ಹಸೈನಾರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಡೆಕ್ಕುಗಳು ಹೋದರೆ ಥಿಯೋಡೋರನ ಕ್ಯಾಸೆಟ್ಟು ಎಲ್ಲಿ ಮಾಡಿಸುವುದು? ಇನ್ನಿರುವುದು ಇಪ್ಪತ್ತೈದು ದಿನ.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ದೂಡಿಕೊಂಡು ಥಿಯೋಡೋರನೇ ಬಂದ. ಕಂಪೆನಿಯ ನೀಲಿ ಅಂಗಿ, ಹೆಗಲಲ್ಲಿ ಟೂಲ್ ಬ್ಯಾಗು, ಹುಬ್ಬಿನ ತುಂಬ ಧೂಳು. ಗೂಡಿನೊಳಗೆ ಬಂದು ಬಾಗಿಲು ಹಾಕಿಕೊಂಡ.

“ನಿನ್ನಲ್ಲಿ ಒಂದು ವಿಷಯ ಕೇಳ್ಲಿಕ್ಕುಂಟು. ಸತ್ಯ ಹೇಳ್ಬೇಕು.”

“ಕೂತ್ಕೊ ಪೊರ್ಬು. ಚಾಯ ಹೇಳ್ತೇನೆ.”

“ಚಾಯ ಮಣ್ಣು ಎಂತದೂ ಬೇಡ. ಇವತ್ತು ಬೆಳಿಗ್ಗೆ ಅಲ್ ಹಿಲಾಲಿನ ಒಂದು ವಿಲ್ಲಾದಲ್ಲಿ ಕೆಲ್ಸ. ಅಮೆರಿಕದವರ ಮನೆ. ನಾನು ಏಣಿ ಮೇಲೆ. ಕೆಳಗೆ ಆ ಹೆಂಗಸು ಟೇಪ್ ಹಾಕಿದ್ದಾಳೆ, ನಿನ್ನ ದೊಡ್ಡ ಟೊಪ್ಪಿಯವ. ನನಗೂ ಖುಷಿ, ನಾನೂ ಮೆಲ್ಲ ಹಾಡ್ತಾ ಇದ್ದೆ. ಅವ ಮುಗಿದ. ಮತ್ತೆ ಯಾರೋ ಹಾಡ್ಲಿಕ್ಕೆ ಸುರು ಮಾಡಿದ. ಕೊಂಕಣಿಯಲ್ಲಿ.” ಥಿಯೋಡೋರ್ ಉಸಿರು ತೆಗೆದುಕೊಂಡ. “ನಾನು ಹಾಡ್ತಾ ಇದ್ದೇನೆ ಮಾರಾಯ! ಏಣಿ ಮೇಲೂ ನಾನೇ, ಕೆಳಗೂ ನಾನೇ! ಬಿಸಿಲಿಗೆ ಮಂಡೆ ಕೆಟ್ಟಿತಾ ಅಂತ ಕಂಡಿತು. ಸ್ಕ್ರೂ ಡ್ರೈವರ್ ಕೈಜಾರಿ ಅವಳ ಗಾಜಿನ ಮೇಜಿನ ಮೇಲೆ ಬಿತ್ತು. ಪುಣ್ಯಕ್ಕೆ ಒಡೀಲಿಲ್ಲ.”

ಹಸೈನಾರ್ ಡೆಕ್ಕಿನ ಒಂದು ಗುಂಡಿಯನ್ನು ಒತ್ತಿ, ಸುಮ್ಮನೆ ಮತ್ತೆ ಬಿಟ್ಟ.

“‘ಮೇಡಮ್, ಇದು ಯಾರು’ ಕೇಳಿದೆ. ‘ಗೊತ್ತಿಲ್ಲ, ನಾನೂ ಗಂಡನೂ ಬೆಟ್ ಕಟ್ಟಿದ್ದೇವೆ, ಅವ ಪೋರ್ಚುಗಲ್ ಹೇಳ್ತಾನೆ, ನಾನು ಹವಾಯಿ’ ಅಂದಳು. ‘ಆದ್ರೆ ಹಿಂದಿನಿಂದ ಬರುವ ಆ ರೈಲಿನ ಕೂಗು ಎಷ್ಟು ಚಂದ!’ ಅಂದಳು. ಎಂತ ರೈಲು ಗೊತ್ತುಂಟಾ? ಕುಕ್ಕರ್! ಪರ್ಪೆಚುವಾಳ ಕುಕ್ಕರ್! ಮೂರು ಸೀಟಿ!”

ಹಸೈನಾರನಿಗೆ ನಗು ತಡೆಯಲಾಗಲಿಲ್ಲ. ಥಿಯೋಡೋರನ ಮುಖ ನೋಡಿ ಅರ್ಧದಲ್ಲೇ ನುಂಗಿಕೊಂಡ.

“ಹಾಡಿದ್ದು ನೀನು ಅಂತ ಹೇಳಿದಿಯಾ?”

“ಹೇಗೆ ಹೇಳುದು? ಕೈಯಲ್ಲಿ ಫಿಲ್ಟರ್, ಮೈಯೆಲ್ಲ ಕಸ. ನಂಬ್ತಾಳಾ ಅವಳು? ಹೇಳು ಈಗ. ನನ್ನ ಸ್ವರ ಅಲ್ಲಿಗೆ ಹೇಗೆ ಹೋಯ್ತು?”

ಹಸೈನಾರ್ ಹೇಳಿದ. ಎರಡು ವರ್ಷದ ಹಿಂದೆ ಒಂದು ಶುಕ್ರವಾರ ಊಟಕ್ಕೆ ಹೋಗುವಾಗ ರಿಪೇರಿಯಾಗಿ ಬಂದ ಸಣ್ಣ ಟೇಪ್ ರೆಕಾರ್ಡರ್ ಕೈಯಲ್ಲಿತ್ತು. ಥಿಯೋಡೋರ್ ಅಡುಗೆಮನೆಯಲ್ಲಿ ಫ್ರಿಡ್ಜಿಗೆ ಒರಗಿ ಗಿಟಾರ್ ಬಾರಿಸುತ್ತ ತನ್ನ ಎರಡು ಹಾಡು ಹಾಡಿದ. ಅನ್ನದ ಕುಕ್ಕರ್ ಒಲೆಯ ಮೇಲಿತ್ತು. ಹಸೈನಾರ್ ಯಾರಿಗೂ ಹೇಳದೆ ಗುಂಡಿ ಒತ್ತಿದ್ದ. ಆ ಟೇಪು ಬಹಳ ದಿನ ಡ್ರಾಯರಿನಲ್ಲೇ ಇತ್ತು. ಆಮೇಲೊಂದು ದಿನ ಒಂದು ಆಲ್ಬಮ್ಮಿಗೆ ಏನು ಹಾಕಿದರೂ ಬಾಲ ಹೊಂದದಾಗ ಇದನ್ನು ಹಾಕಿ ನೋಡಿದ. ಹೊಂದಿತು. ಇನ್ನೊಂದಕ್ಕೆ ಹಾಕಿದ. ಅದಕ್ಕೂ ಹೊಂದಿತು. ಗಿರಾಕಿಗಳು ಯಾರೂ ವಾಪಸು ತರಲಿಲ್ಲ.

“ಎಷ್ಟು ಟೇಪಿಗೆ ಹಾಕಿದ್ದಿ?”

“ನಲ್ವತ್ತು… ಅರುವತ್ತರ ಒಳಗೆ.”

“ಅರುವತ್ತು!” ಥಿಯೋಡೋರ್ ಗಾಜಿಗೆ ಬೆನ್ನು ಕೊಟ್ಟು ನಿಂತ. ಸಿಟ್ಟು ಇಳಿದು ಬೇರೆಯದೇನೋ ಏರಿತು. “ಆ ಹಾಡು ನಾನು ಕ್ರಿಸ್ಮಸ್ ಪ್ರೋಗ್ರಾಮಿನಲ್ಲಿ ಕೂಡ ಹೇಳ್ಲಿಲ್ಲ. ಅಲ್ಲಿ ಇಂಗ್ಲಿಷೇ ಹಾಡಿದ್ದು, ಟೊಪ್ಪಿ ಹಾಕಿ. ಇದು ನನ್ನ ಅಡುಗೆಮನೆಯದ್ದು. ಮಾತು ಕೊಟ್ಟವ ನೀನು. ನನ್ನ ಮುಖ ಇರುವ ಕ್ಯಾಸೆಟ್ಟು ಮಾಡ್ತೇನೆ ಅಂದವ. ಈಗ ನೋಡಿದ್ರೆ ಇನ್ನೊಬ್ಬನ ಬಾಲಕ್ಕೆ ಕಟ್ಟಿದ್ದಿ, ನಾಯಿಗೆ ಡಬ್ಬ ಕಟ್ಟಿದ ಹಾಗೆ. ಕೇಳದೆ ತೆಗೊಂಡದ್ದಕ್ಕೆ ಎಂತ ಹೇಳ್ತಾರೆ?”

“ಕಳ್ಳತನ ಹೇಳ್ತಾರೆ,” ಎಂದ ಹಸೈನಾರ್.

ಥಿಯೋಡೋರ್ ಬ್ಯಾಗು ಎತ್ತಿಕೊಂಡು ಹೋದ. ತಿಂಗಳ ಕೊನೆಗೆ ಡೆಕ್ಕು ಹೋಗುವ ವಿಷಯ ಹೇಳದೆಯೇ ಉಳಿಯಿತು.

ಆಮೇಲೆ ಎಂಟು ದಿನ ಥಿಯೋಡೋರನ ಸುಳಿವಿಲ್ಲ. ಹನ್ನೆರಡು ವರ್ಷದಲ್ಲಿ ಎಂಟು ದಿನ ಇಬ್ಬರೂ ಮಾತಾಡದೆ ಇದ್ದದ್ದು ಇಬ್ಬರಲ್ಲಿ ಒಬ್ಬ ಊರಿಗೆ ಹೋಗಿದ್ದಾಗ ಮಾತ್ರ. ಅಂಗಡಿಯಲ್ಲಿ ಫೋನು ಬಡಿದರೆ ಗಾಜಿನಾಚೆ ಹಾಜಿಯವರ ಮುಖ ನೋಡುವುದೇ ಹಸೈನಾರನ ಕೆಲಸವಾಯಿತು. ಆ ದಿನಗಳಲ್ಲಿ ಬಂದ ಯಾವ ಟೇಪಿಗೂ ಅವನು ಥಿಯೋಡೋರನ ಹಾಡು ಹಾಕಲಿಲ್ಲ. ಬಾಲಗಳೆಲ್ಲ ಬಡಕಲಾದವು.

ಒಂಬತ್ತನೆಯ ದಿನ ಕೆಂಪು ಕೂದಲಿನ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ಕೌಂಟರಿನ ಮೇಲೆ ಕ್ಯಾಸೆಟ್ಟಿಟ್ಟಳು. ಅಲ್ ಹಿಲಾಲಿನ ವಿಲ್ಲಾದವಳು ಇವಳೇ ಎಂದು ಹಸೈನಾರನಿಗೆ ಮೊದಲ ಮಾತಿಗೇ ಗೊತ್ತಾಯಿತು, ಯಾಕೆಂದರೆ ಅವಳು ರೈಲಿನಿಂದಲೇ ಶುರುಮಾಡಿದಳು. ಕೊನೆಯಲ್ಲಿ ರೈಲು ಕೂಗುವ ಹಾಡಿದೆಯಲ್ಲ, ಅದನ್ನು ಹಾಡಿದವರ ಇಡೀ ಆಲ್ಬಮ್ ಬೇಕು. ಗಂಡನಿಗೆ ವರ್ಗವಾಗಿದೆ, ಅಕ್ಟೋಬರಿನಲ್ಲಿ ಟೆಕ್ಸಾಸಿಗೆ ವಾಪಸು ಹೋಗುತ್ತಿದ್ದೇವೆ, ಅದಕ್ಕೆ ಮುಂಚೆ ಸಿಗಬಹುದೇ?

“ಕಮಿಂಗ್ ಮೇಡಮ್. ದಿಸ್ ಮಂತ್,” ಎಂದುಬಿಟ್ಟ ಹಸೈನಾರ್.

ಅವಳು ಹೋದಮೇಲೆ ಹಾಜಿಯವರು ಕೇಳಿದರು: “ಯಾವ ಆಲ್ಬಮ್ ಮಾರಾಯ ಬರುದು?”

“ಬರ್ತದೆ ಹಾಜಿಯಾರೇ,” ಎಂದು ಹೇಳಿದವನ ಕಿವಿ ಬಿಸಿಯಾಗಿತ್ತು.

ಶುಕ್ರವಾರ ಜುಮ್ಮಾ ಮುಗಿಸಿ ನೇರ ಥಿಯೋಡೋರನ ಮನೆಗೆ ಹೋದ. ಬಾಗಿಲು ತೆರೆದವಳು ಅವನ ಮಗಳು, ಹತ್ತು ವರ್ಷದ ಅಮಿತಾ.

“ಹಸೈನಾರ್ ಅಂಕಲ್, ಡ್ಯಾಡಿ ಟೂ ಮಚ್ ಸಿಟ್ಟು. ಬಾತ್ರೂಮಲ್ಲಿ ಕೂಡ ಹಾಡುದಿಲ್ಲ.”

ಥಿಯೋಡೋರ್ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ. ಎದ್ದು ಹೋಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಹೆಂಡತಿ ಪರ್ಪೆಚುವಾ ಸೆರಗಿಗೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದಳು. ಕ್ಲಿನಿಕ್ಕೊಂದರಲ್ಲಿ ಮದ್ದು ಕೊಡುವ ಕೌಂಟರಿನಲ್ಲಿದ್ದವಳಾದ್ದರಿಂದ ಅವಳಿಗೆ ಯಾರ ಮುಖ ನೋಡಿದರೂ ಎಲ್ಲಿ ನೋಯುತ್ತದೆ ಎಂದು ಗೊತ್ತಾಗುತ್ತಿತ್ತು.

“ಬನ್ನಿ ಸಾಯ್ಬ್ರೇ, ಊಟ ಮಾಡುವ. ನನ್ನ ಕುಕ್ಕರ್ ಅಮೆರಿಕದವರಿಗೆ ರೈಲಾಯ್ತಂತೆ. ಅದರ ಹೆಸರೂ ಹಾಕಿಸಿ ಆಯ್ತಾ?”

“ಪೊರ್ಬು ಮಾತಾಡಿದ್ರಲ್ವಾ ಬಾಯಮ್ಮ ಹೆಸರು ಹಾಕುದು.”

“ನನ್ನ ಹತ್ರವೂ ನಾಲ್ಕು ದಿನ ಮಾತಾಡ್ಲಿಲ್ಲ. ಕುಕ್ಕರ್ ಯಾಕೆ ಬಂದ್ ಮಾಡ್ಲಿಲ್ಲ ಅಂತ! ಎರಡು ವರ್ಷ ಹಿಂದಿನ ಅನ್ನಕ್ಕೆ ಈಗ ಜಗಳ.”

ಪೇಪರಿನ ಹಿಂದೆ ಥಿಯೋಡೋರನ ಹೊಟ್ಟೆ ಸಣ್ಣಗೆ ಅಲುಗಿತು. ನಗು ಎಂದು ಹಸೈನಾರನಿಗೆ ಗೊತ್ತಾದ ಕೂಡಲೇ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಡೆಕ್ಕುಗಳು ಹೋಗುತ್ತವೆ, ಇನ್ನು ಹದಿನೈದೇ ದಿನ, ಆ ಹೆಂಗಸು ಆಲ್ಬಮ್ ಕೇಳಿಕೊಂಡು ಬಂದಿದ್ದಾಳೆ, ಮುಂದಿನ ಶುಕ್ರವಾರ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ಕೂತು ಎಲ್ಲ ಹಾಡು ಸರಿಯಾಗಿ ರೆಕಾರ್ಡ್ ಮಾಡುವ, ಮೇಲೆ ಥಿಯೋಡೋರನ ಫೋಟೋ.

ಪೇಪರ್ ಕೆಳಗೆ ಬಂತು. “ಅವಳು ಪೂರಾ ಆಲ್ಬಮ್ ಬೇಕು ಹೇಳಿದ್ಳಾ? ಅವಳಾಗಿಯೇ?”

“ಅವಳಾಗಿಯೇ. ಕಮಿಂಗ್ ಅಂತ ನಾನು ಹೇಳಿಯಾಯ್ತು.”

“ಕೇಳದೆ ಹೇಳುದು ನಿನಗೆ ಅಭ್ಯಾಸವೇ ಆಗಿದೆ.” ಆದರೆ ಥಿಯೋಡೋರ್ ಎದ್ದು ತಟ್ಟೆ ಹಾಕಲು ಹೋದ.

ಊಟ ಬಡಿಸುವವರೆಗೆ ಹಸೈನಾರ್ ಗೋಡೆಯ ಶೋಕೇಸಿನ ಎದುರು ನಿಂತ. ಚಹದ ಸೆಟ್ಟು, ಅಮಿತಾ ಓಟದಲ್ಲಿ ಗೆದ್ದ ಕಪ್ಪು, ಮಧ್ಯದಲ್ಲಿ ಸಾಲಾಗಿ ಹನ್ನೊಂದು ಕೊಂಕಣಿ ಕ್ಯಾಸೆಟ್ಟು. ಗಲ್ಫಿನಲ್ಲಿರುವ ಮಂಗಳೂರಿನವರು ಒಬ್ಬೊಬ್ಬರಾಗಿ ಹಾಡಿ ಹೊರತಂದವು. ಒಬ್ಬ ಕುವೈತಿನವನು, ಇಬ್ಬರು ಬಹ್ರೈನಿನವರು, ಉಳಿದವರು ಇಲ್ಲಿಯವರೇ. ಹನ್ನೊಂದರ ಪ್ಲಾಸ್ಟಿಕ್ಕೂ ಹಾಗೆಯೇ ಇತ್ತು.

“ಒಂದನ್ನೂ ಒಡೀಲಿಲ್ವಾ ಬಾಯಮ್ಮ?”

“ಪುರುಸೊತ್ತು ಎಲ್ಲಿ? ಆದ್ರೆ ತೆಗೊಳ್ಳದಿದ್ರೆ ಆಗ್ತದಾ? ನಮ್ಮವರು. ಪ್ರೋಗ್ರಾಮಿನಲ್ಲಿ ಸ್ಟೇಜಿನ ಮೆಟ್ಟಿಲ ಹತ್ರವೇ ಕಟ್ಟು ಹಿಡ್ಕೊಂಡು ನಿಂತಿರ್ತಾರೆ. ಎಲ್ಲರ ಮನೆಯಲ್ಲೂ ಹೀಗೆಯೇ.” ಅವಳು ಮೀನಿನ ಸಾರಿಗೆ ಸೌಟು ಹಾಕಿದಳು.

ಮುಂದಿನ ಶುಕ್ರವಾರ ಗಲ್ಫಿನ ರಜಾದಿನಕ್ಕೆ ಸರಿದ ಥಿಯೋಡೋರ್ ದಂಪತಿಯ ಬೆಳಗಿನ ಪೂಜೆ, ಹಸೈನಾರನ ಜುಮ್ಮಾ ಎರಡೂ ಮುಗಿದ ಮೇಲೆ ಮೂವರೂ ಅಂಗಡಿಯ ಹಿಂಬಾಗಿಲಿನಿಂದ ಒಳಗೆ ಹೋದರು. ನಾಲ್ಕು ಗಂಟೆಗೆ ಷಟರ್ ತೆಗೆಯುವವರೆಗೆ ಸಮಯವಿತ್ತು. ಗಾಜಿಗೆ ಕಂಬಳಿ ತೂಗಿಸಿದರು. ಮೈಕನ್ನು ಸ್ಟೂಲಿನ ಮೇಲೆ ಎರಡು ಟೆಲಿಫೋನ್ ಡೈರೆಕ್ಟರಿ ಇಟ್ಟು ಏರಿಸಿದರು. ಹೆಡ್‌ಫೋನ್ ಹಾಕಿ ಕೇಳಿದ ಹಸೈನಾರ್ ತಲೆಯಾಡಿಸಿದ. ಏಸಿಯ ಗುಂಯ್ ಎನ್ನುವ ಸದ್ದು ಎಲ್ಲದರ ಮೇಲೂ ಕೂತಿತ್ತು.

“ಬಂದ್ ಮಾಡ್ಬೇಕಾ?” ಥಿಯೋಡೋರ್ ಸ್ವಿಚ್ಚಿನ ಹತ್ತಿರ ನಿಂತು ಕೇಳಿದ. “ಹೊರಗೆ ನಲ್ವತ್ತೈದು ಡಿಗ್ರಿ. ಒಳ್ಳೆಯ ಏಸಿಯನ್ನು ಬಂದ್ ಮಾಡುದು ನನ್ನ ಸರ್ವಿಸಿನಲ್ಲಿ ಇದೇ ಮೊದ್ಲು.”

ಅರ್ಧ ಗಂಟೆಯಲ್ಲಿ ಗೂಡು ಬೇಯತೊಡಗಿತು. ಥಿಯೋಡೋರ್ ಅಂಗಿ ತೆಗೆದು ಬನಿಯನ್ನಿನಲ್ಲಿ ಕೂತ. ಸೆಕೆಗೆ ಗಿಟಾರಿನ ತಂತಿಗಳು ಸಡಿಲವಾಗಿ ಪ್ರತಿ ಹಾಡಿಗೂ ಶ್ರುತಿ ಮಾಡಿಕೊಳ್ಳಬೇಕಾಯಿತು. ಹಾಡಿನ ನಡುವೆ ಪರ್ಪೆಚುವಾ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಮುಗಿದ ಕೂಡಲೇ ಟವೆಲಿನಿಂದ ಗಂಡನ ಹಣೆ, ಹಸೈನಾರನ ಎದುರಿನ ಮೇಜು, ತನ್ನ ಕುತ್ತಿಗೆ ಎಲ್ಲ ಒಂದೇ ಸಮನೆ ಒರಸುತ್ತಿದ್ದಳು.

ಎಂಟು ಹಾಡಾದವು. ಊರಿಗೆಲ್ಲ ತಂಪು ಮಾಡಿ ಬಂದು ತಾನು ಟೆರೇಸಿನಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗುವವನ ಹಾಡು ಒಂದು. ಹೆಂಡತಿಯ ಕಾಗದದಲ್ಲಿ ಪ್ರೀತಿಯ ಮಾತು ಹುಡುಕುತ್ತ ಹೋದವನಿಗೆ ಹೆಂಚು ಸೋರುವುದು, ಹಸು ಕರು ಹಾಕಿದ್ದು, ಮಾವನ ಕೆಮ್ಮು ಇವೇ ಸಿಕ್ಕಿ, ಕೊನೆಗೆ ಅದೇ ಪ್ರೀತಿ ಎಂದು ತಿಳಿಯುವ ಹಾಡು ಇನ್ನೊಂದು. ಐದನೆಯದಾಗಿ ಬಂದ ಈ ಕಾಗದದ ಹಾಡಿನಲ್ಲಿ ಹಸೈನಾರ್ ಡೆಕ್ಕಿನ ಸದ್ದಿನ ಮುಳ್ಳು ನೋಡುವುದನ್ನೇ ಮರೆತ. ಕೊಂಕಣಿ ಅವನಿಗೆ ಅರ್ಧಂಬರ್ಧವೇ ಬರುತ್ತಿದ್ದದ್ದು. ಆದರೂ ಕಾಗದ ರೈಹಾನಾಳ ಕೈಬರಹದಲ್ಲಿದ್ದಂತೆ ಅವನಿಗೆ ಕಂಡಿತು.

ನಾಲ್ಕಕ್ಕೆ ಬಂದ ಪೊಡಿಯಬ್ಬ ಹಾಜಿಯವರು ಕಂಬಳಿ ಸರಿಸಿ ನೋಡಿ, “ಅಲ್ಲಾ! ಇದೆಂತ ಹಬೆ ಸ್ನಾನದ ಹಮಾಮಾ?” ಎಂದರು. ಆಮೇಲೆ ನಿಂತುಕೊಂಡೇ ಎರಡು ಹಾಡು ಕೇಳಿದರು. ಅವರಿಗೆ ಹಾಡಿನಲ್ಲಿ ಅಷ್ಟಕ್ಕಷ್ಟೇ, ವ್ಯಾಪಾರ ಗೊತ್ತಿತ್ತು.

“ಲಾಯ್ಕುಂಟು. ನೂರು ಹೋಗ್ತದೆ, ಸಂಶಯ ಬೇಡ. ಮುಂದಿನ ತಿಂಗಳು ನಿಮ್ಮವರ ಪ್ರೋಗ್ರಾಮ್ ಉಂಟಲ್ಲ, ಸ್ಟೇಜಿನಲ್ಲಿ ಬಿಡುಗಡೆ ಮಾಡಿಸಿ. ಹಾಡು ಹೇಗೇ ಇರ್ಲಿ, ನಿಮ್ಮ ಜನ ಒಂದೊಂದು ತೆಗೊಂಡೇ ತೆಗೊಳ್ತಾರೆ. ಮರ್ಯಾದೆಯ ಪ್ರಶ್ನೆ ಅಲ್ವಾ?”

ಥಿಯೋಡೋರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಒಂದು ಗುಂಡಿ ಹಾಕುವುದನ್ನು ಅರ್ಧಕ್ಕೇ ಬಿಟ್ಟು ಹಾಜಿಯವರನ್ನು ನೋಡಿದ. 

ಭಾನುವಾರ ಪಕ್ಕದ ಸ್ಟುಡಿಯೋದಲ್ಲಿ ಫೋಟೋ ಆಯಿತು. ಮಂಗಳವಾರ ಸಂಜೆ ಅವನು ಲಕೋಟೆಯೊಂದಿಗೆ ಬಂದಾಗ ಹಸೈನಾರ್ ಕವರಿನ ಅಳತೆಗೆ ಕಾಗದ ಕತ್ತರಿಸಿ, ಕತ್ತರಿ ಅಂಟು ಎಲ್ಲ ಜೋಡಿಸಿಟ್ಟು ಕಾಯುತ್ತಿದ್ದ. ಫೋಟೋ ಚೆನ್ನಾಗಿತ್ತು. ಟೊಪ್ಪಿಯಿರಲಿಲ್ಲ. ಬೋಳಾಗುತ್ತಿದ್ದ ಹಣೆ, ಎಣ್ಣೆ ಹಾಕಿ ಬಾಚಿದ ಕೂದಲು, ಗಿಟಾರ್ ಹಿಡಿದ ದಪ್ಪ ಬೆರಳುಗಳು.

“ಇದು ಮಗಳಿಗೆ ಅಂತ ತೆಗೆಸಿದ್ದು,” ಎಂದ ಥಿಯೋಡೋರ್. “ಕ್ಯಾಸೆಟ್ಟು ಬೇಡ ಹಸೈನಾರ್.”

“ಎಂತ ಬೇಡ?”

“ಹಾಜಿಯಾರ್ ಹೇಳಿದ್ದು ಸಮಾ ಉಂಟು. ನೂರು ಹೋಗ್ತದೆ. ನೂರೂ ಶೋಕೇಸಿಗೆ ಹೋಗ್ತದೆ, ಪ್ಲಾಸ್ಟಿಕ್ ಸಮೇತ. ನಾನು ಆ ಹನ್ನೊಂದು ಜನರ ಹತ್ರ, ‘ಕೇಳಿದೆ, ಭಾರೀ ಲಾಯ್ಕಾಗಿದೆ’ ಅಂತ ಹೇಳಿದ್ದೇನೆ ಮಾರಾಯ. ಹನ್ನೊಂದೂ ಸುಳ್ಳು. ಮೊನ್ನೆ ಒಂದನ್ನು ಒಡೆದು ಕೇಳಿದೆ. ಪಾಪ, ಒಳ್ಳೆದೇ ಹಾಡಿದ್ದಾನೆ, ಅವನಿಗದು ಗೊತ್ತೇ ಇಲ್ಲ.” ಸ್ಟೂಲಿನ ಮೇಲೆ ಕೂತ. “ಆ ಅಮೆರಿಕದವಳಿಗೆ ನಾನು ಯಾರು? ನನ್ನ ಮರ್ಯಾದೆ ಅವಳಿಗೆ ಯಾಕೆ? ಆದ್ರೂ ಕೇಳಿದ್ಳು. ಎದ್ದು ಹೋಗಿ ಬಂದ್ ಮಾಡ್ಲಿಲ್ಲ. ಏಣಿ ಮೇಲಿಂದ ನಾನೇ ನೋಡಿದ್ದೇನಲ್ಲ, ಕಾಲಲ್ಲಿ ತಾಳ ಹಾಕ್ತಾ ಇದ್ಳು. ನನಗೆ ಅದು ಬೇಕು. ನನ್ನನ್ನು ಬಾಲದಲ್ಲೇ 
ಹಾಕು.”

“ಮತ್ತೆ ನಾನು ಕೊಟ್ಟ ಮಾತು?”

“ನನಗೆ ಕೊಟ್ಟದ್ದಲ್ವಾ? ಬೇಡ ಹೇಳುವವನೂ ನಾನೇ.”

“ನೀನು ಬೇಡ ಅಂದ್ರೂ ಮಾತು ಮಾತೇ ಪೊರ್ಬು. ಮಾಡದಿದ್ರೆ ಮುರಿದ ಹಾಗೆಯೇ.”

“ಹಾಗಾದ್ರೆ ಮುರಿ. ನಿನ್ನನ್ನು ಯಾರು ಜೈಲಿಗೆ ಹಾಕ್ತಾರೆ?”

 ಹಸೈನಾರ್ ಕತ್ತರಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದ.

ಇಳಿಸಿಕೊಡುವ ಕೆಲಸ ನಿಲ್ಲುತ್ತದೆಂಬ ಸುದ್ದಿ ಹರಡಿ ಕೊನೆಯ ವಾರ ಜನ ಮುಗಿಬಿದ್ದರು. ಆರೂ ಡೆಕ್ಕುಗಳು ಬಿಡುವಿಲ್ಲದೆ ತಿರುಗಿದವು. ಕೆಲಸ ಬಿಟ್ಟು ನೇರ ಅಂಗಡಿಗೆ ಬರುತ್ತಿದ್ದ ಥಿಯೋಡೋರ್ ಗೂಡಿನಲ್ಲಿ ಕೂತು ಯಾವ ಆಲ್ಬಮ್ಮಿನ ಹಿಂದೆ ತನ್ನ ಯಾವ ಹಾಡು ಹೋಗಬೇಕೆಂದು ಜಗಳವಾಡುತ್ತಿದ್ದ. “ಅಳುವ ಅಕ್ಕನ ಹಿಂದೆ ಕಾಗದದ ಹಾಡು ಬೇಡ ಮಾರಾಯ, ಜನ ಸಾಯ್ತಾರೆ. ಟೆರೇಸಿನದ್ದು ಹಾಕು, ಚೂರು ನಗಾಡ್ಲಿ.” “ಬೇಲಿಗೆ ಒರಗಿದವನ ಕೊನೆ ಹಾಡು ಇದೇ ಶ್ರುತಿ, ಅಲ್ಲಿ ನಾನು ಸೀದಾ ಕೂತ್ಕೊಳ್ತೇನೆ, ನೋಡು ಬೇಕಾದ್ರೆ.” ನೋಡಿದರೆ ಹೌದು, ಟೆಕ್ಸಾಸಿನವನು ನಿಲ್ಲಿಸಿದಲ್ಲಿಂದಲೇ ಬೆಳ್ಮಣ್ಣಿನವನು ಎತ್ತಿಕೊಂಡಂತಿತ್ತು.

ಕೆಂಪು ಕೂದಲಿನವಳು ಬಂದಳು. ಆಲ್ಬಮ್ ಬರುವುದಿಲ್ಲ, ಆದರೆ ಬೇರೆ ಬೇರೆ ಟೇಪಿನ ಕೊನೆಯಲ್ಲಿ ಬೇರೆ ಬೇರೆ ಹಾಡಿದೆ ಎಂದು ಹಸೈನಾರ್ ತನ್ನ ಇಂಗ್ಲಿಷಿನಲ್ಲಿ ತಿಳಿಸಿದ. ಅವಳು ಒಂದು ಗಳಿಗೆ ಅರ್ಥವಾಗದೆ ನಿಂತು, ಆಮೇಲೆ ದೊಡ್ಡದಾಗಿ ನಕ್ಕು, ಎಂಟು ಹಾಡಿಗಾಗಿ ಎಂಟು ಟೇಪು ಬರೆಸಿದಳು. ಹೊರಡುವಾಗ ಗಾಜಿನೊಳಗೆ ಕೂತ ನೀಲಿ ಅಂಗಿಯವನನ್ನು ಗುರುತಿಸಿದಳು.

“ನೀನು ಏಸಿಯವನಲ್ಲವೇ? ಮಲಗುವ ಕೋಣೆಯದ್ದು ಮತ್ತೆ ಸದ್ದು ಮಾಡುತ್ತಿದೆ.”

“ನಾಳೆ ಬರ್ತೇನೆ ಮೇಡಮ್,” ಎಂದ ಥಿಯೋಡೋರ್, ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ. ಅವಳು ಹೋದಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಜಿಯವರು ಬಂದು ಗಾಜು ತಟ್ಟಬೇಕಾಯಿತು.

ಮೂವತ್ತೊಂದರ ಸಂಜೆ ಐದು ಡೆಕ್ಕುಗಳನ್ನು ಪೆಟ್ಟಿಗೆಗೆ ತುಂಬಿಯಾಗಿತ್ತು. ಆರನೆಯದು ಫಿಲಿಪ್ಪೀನಿನ ನರ್ಸೊಬ್ಬಳ ಟೇಪು ಮುಗಿಸುತ್ತಿತ್ತು. ಗಡ್ಡದಜ್ಜ ಹಾಡಿ ಹೋದ. ಅವನ ಹಿಂದೆ ಥಿಯೋಡೋರ್ ಬಂದು ಸೋರುವ ಹೆಂಚಿನ ಸುದ್ದಿ ಹೇಳಿದ. ಹಸೈನಾರ್ ಕ್ಯಾಸೆಟ್ಟು ಹೊರಗೆ ತೆಗೆದು, ಯಾರೂ ಅದರ ಮೇಲೆ ಬೇರೆ ಹಾಡು ತುಂಬಲಾಗದಂತೆ, ಬೆನ್ನಿನ ಎರಡು ಸಣ್ಣ ಚಕ್ಕೆಗಳನ್ನು ಚೂರಿಯ ಮೊನೆಯಿಂದ ಎಬ್ಬಿಸಿ ಕಿತ್ತ. ಚಕ್ಕೆಗಳು ಖಾಲಿ ಮೇಜಿನ ಮೇಲೆ ಬಿದ್ದು ಉರುಳಿದವು.

ಥಿಯೋಡೋರನ ಮುಖವಿದ್ದ ಕ್ಯಾಸೆಟ್ಟು ಯಾವ ಅಂಗಡಿಗೂ ಬರಲಿಲ್ಲ. ಹಸೈನಾರ್ ಕೊಟ್ಟ ಮಾತು ಮುರಿಯಿತು.